ಹಾರ್ಮೋನಿಯಂ ಹುಡುಗನನ್ನು ಯಾಕೆ ಕರೆಯುತ್ತಿಲ್ಲ?

ಪತ್ರ: "ಮಾನ್ಯರೇ, ನಮ್ಮೂರಿನ ಹುಡುಗನೊಬ್ಬ ಹೋದ ಮಳೆಗಾಲದಲ್ಲಿ ಜೀವ ಕಳೆದುಕೊಳ್ಳಲು ಹೋಗಿ, ಆಸ್ಪತ್ರೆ ಸೇರಿ, ಬದುಕಿ ಬಂದ. ಮನೆಯಲ್ಲಿ ಸಾಲ ಇದೆ. ಮೊದಲ ವಾರ ಊರೆಲ್ಲ ನೋಡೋಕೆ ಬಂತು. ಆಮೇಲೆ ಯಾರೂ ಇಲ್ಲ. ಅವನು ನಮ್ಮ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ. ಈಗ ಮಂಡಳಿಯವರು ಕರೆಯುವುದಿಲ್ಲ. 'ಅವನ ಮನಸ್ಸು ಸರಿ ಇಲ್ಲ, ಸುಮ್ನೆ ಯಾಕೆ ತೊಂದರೆ ಕೊಡೋದು' ಅಂತಾರೆ. ನನಗೂ ಹಾಗೇ ಅನ್ನಿಸುತ್ತದೆ. ಇದು ಡಾಕ್ಟರ್ ಕೆಲಸ. ನಾವೇನೋ ಮಾತಾಡಿ ಅವನಿಗೆ ಮತ್ತೆ ಅದೇ ನೆನಪಾದರೆ? ಪೊಲೀಸರು ಬಂದರೆ? ಕವಿತೆ, ಸಂಗೀತ, ನಾಟಕ ಮನಸ್ಸನ್ನು ಗಟ್ಟಿ ಮಾಡುತ್ತವೆ ಅಂತ ನೀವು ಆಗಾಗ ಬರೆಯುತ್ತೀರಿ. ಹಾಡಿನಿಂದ ಸಾಲ ತೀರುತ್ತದಾ ಸ್ವಾಮಿ?" (ನಿವೃತ್ತ ಶಿಕ್ಷಕರು, ಹಾವೇರಿ ಜಿಲ್ಲೆ)

ಸಂಪಾದಕರ ಉತ್ತರ:

ಮೇಷ್ಟ್ರೇ,

ಹಾಡಿನಿಂದ ಸಾಲ ತೀರುವುದಿಲ್ಲ, ಒಪ್ಪಿದೆ. ಡಾಕ್ಟರ್ ಬೇಕು, ಮಾತ್ರೆ ಬೇಕು, ಅದೂ ಒಪ್ಪಿದೆ. ಹುಡುಗನಿಗೆ ಮಾತ್ರೆ ಬರೆದುಕೊಟ್ಟಿದ್ದರೆ ಯಾರ ಮಾತು ಕೇಳಿಯೂ ಬಿಡಿಸಬೇಡಿ. ಆಸ್ಪತ್ರೆಗೆ ಮತ್ತೆ ಬಾ ಅಂದ ತಾರೀಕು ತಪ್ಪಿಸಬೇಡಿ. ಡಾಕ್ಟರುಗಳ ಮೇಲೆ ನನಗೆ ಯಾವ ಮುನಿಸೂ ಇಲ್ಲ. ನನ್ನ ಕಸುಬಿನ ಹಿರಿಯರಲ್ಲಿ ಒಬ್ಬರು ಡಾಕ್ಟರೇ ಆಗಿದ್ದರು. ರಾಶಿ ಅಂತ ಬರೆಯುತ್ತಿದ್ದ ಡಾ. ಎಂ. ಶಿವರಾಂ 1942ರಿಂದ 25 ವರ್ಷ ಕೊರವಂಜಿ ಅನ್ನೋ ಹಾಸ್ಯ ಪತ್ರಿಕೆ ನಡೆಸಿದರು. ಒಂದು ಕೈಯಲ್ಲಿ ಸ್ಟೆತಸ್ಕೋಪು, ಇನ್ನೊಂದರಲ್ಲಿ ನಗೆಹನಿ. ಮನಸ್ಸಿನ ಕಾಯಿಲೆಗಳ ಬಗ್ಗೆ ಅವರು ಬರೆದ ಪುಸ್ತಕಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಮದ್ದು, ಮಾತು ಎರಡೂ ಒಂದೇ ಕ್ಲಿನಿಕ್ಕಿನಲ್ಲಿ ಸಿಗುತ್ತಿದ್ದ ಕಾಲ ಅದು.

ಡಾಕ್ಟರುಗಳ ಪಾಲು ಸಂದಾಯ ಆಯಿತು. ಉಳಿದದ್ದು ನಿಮ್ಮ ಜೊತೆ ಜಗಳ.

ನಿಮ್ಮ ಪತ್ರದಲ್ಲಿ ಸಾಲದ ವಿಷಯ ಇದೆ, ಪೊಲೀಸರ ವಿಷಯ ಇದೆ. ಆದರೆ ಈಗ ಹಾರ್ಮೋನಿಯಂ ಯಾರು ನುಡಿಸುತ್ತಾರೆ ಅಂತ ನೀವು ಬರೆದಿಲ್ಲ. ಯಾರೂ ನುಡಿಸುತ್ತಿಲ್ಲ ಅಂತ ನನ್ನ ಗುಮಾನಿ. ಅದನ್ನು ಗುಡಿಯ ಮೂಲೆಯಲ್ಲಿ ಹಳೇ ಪಂಚೆ ಹೊದಿಸಿ ಇಟ್ಟಿದ್ದೀರಿ. ಯಾರೋ ಮೊಬೈಲಿನಲ್ಲಿ ಶ್ರುತಿ ಹಾಕುತ್ತಾರೆ, ನೀವು ಹಾಡುತ್ತೀರಿ. ಸರಿನಾ? ಆ ಹುಡುಗನ ಮನೆಗೂ ಗುಡಿಗೂ ಎಷ್ಟು ದೂರ ಇದ್ದೀತು? ಶನಿವಾರ ರಾತ್ರಿ ತಾಳದ ಸದ್ದು ಅವನಿಗೆ ಕೇಳಿಸುತ್ತದೆ. ತಾನಿಲ್ಲದೆಯೂ ಭಜನೆ ನಡೆಯುತ್ತಿದೆ ಅಂತ ವಾರ ವಾರ ಅವನಿಗೆ ತಿಳಿಸುತ್ತಿದ್ದೀರಿ. ತೊಂದರೆ ಕೊಡಬಾರದು ಅಂತ ಹೊರಟ ನಿಮ್ಮ ಮಂಡಳಿ ಮಾಡುತ್ತಿರುವ ಉಪಕಾರ ಇದು.

ಥಾಮಸ್ ಜಾಯ್ನರ್ ಅಂತ ಅಮೆರಿಕದಲ್ಲಿ ಒಬ್ಬ ಮನಶ್ಶಾಸ್ತ್ರಜ್ಞ ಇದ್ದಾರೆ. ಅವರ ತಂದೆಯೇ ಆತ್ಮಹತ್ಯೆ ಮಾಡಿಕೊಂಡವರು. ಯಾಕೆ ಹೀಗಾಗುತ್ತದೆ ಅಂತ ಅವರು ಬದುಕಿಡೀ ಹುಡುಕಿದರು. ಸಾಯಬೇಕು ಅನ್ನಿಸುವವರ ತಲೆಯಲ್ಲಿ ಎರಡು ಯೋಚನೆ ಒಟ್ಟಿಗೆ ಕೂತಿರುತ್ತವೆ ಅಂತಾರೆ ಅವರು. ನಾನು ಯಾರಿಗೂ ಸೇರಿದವನಲ್ಲ ಅನ್ನೋದು ಒಂದು. ನಾನು ಎಲ್ಲರಿಗೂ ಹೊರೆ ಅನ್ನೋದು ಇನ್ನೊಂದು. ಸಾಲ ಇರುವ ಮನೆಯ ಮಗನಿಗೆ ಎರಡನೆಯದು ಬರುವುದು ಸಹಜ. ಮೊದಲನೆಯದನ್ನು ನಿಮ್ಮ ಮಂಡಳಿ ಮನೆಬಾಗಿಲಿಗೆ ಮುಟ್ಟಿಸಿದೆ.

ಈಗ ನಾನು ಎಲ್ಲ ಕಡೆ ಹೇಳಿಕೊಂಡು ಬರುವ ಕಥೆ. ನಮ್ಮ ಕಚೇರಿಯವರಿಗೆ ಕೇಳಿ ಕೇಳಿ ಸಾಕಾಗಿದೆ. ನೀವು ಹೊಸಬರು, ತಪ್ಪಿಸಿಕೊಳ್ಳುವ ಹಾಗಿಲ್ಲ.

ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಜೆರೋಮ್ ಮೊಟ್ಟೊ ಅಂತ ಒಬ್ಬ ಮನೋವೈದ್ಯರಿದ್ದರು. ಎರಡನೇ ಮಹಾಯುದ್ಧದಲ್ಲಿ ಯುರೋಪಿನಲ್ಲಿ ಸೈನಿಕರಾಗಿದ್ದಾಗ, ಅಷ್ಟೇನೂ ಪರಿಚಯವಿಲ್ಲದ ಹುಡುಗಿಯೊಬ್ಬಳು ಅವರಿಗೆ ಕಾಗದ ಬರೆಯುತ್ತಿದ್ದಳು. ಏನನ್ನೂ ಕೇಳುತ್ತಿರಲಿಲ್ಲ, ಸುಮ್ಮನೆ ಬರೆಯುತ್ತಿದ್ದಳು. ಅದು ಅವರ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಮುಂದೆ ಡಾಕ್ಟರಾದ ಮೇಲೆ ಅವರು ಒಂದು ಪ್ರಯೋಗ ಮಾಡಿದರು. ಖಿನ್ನತೆ ಅಂತಲೋ, ಸಾಯಬೇಕು ಅನ್ನಿಸಿತು ಅಂತಲೋ ಆಸ್ಪತ್ರೆ ಸೇರಿ, ಮನೆಗೆ ಹೋದ ಮೇಲೆ ಮುಂದಿನ ಚಿಕಿತ್ಸೆ ಬೇಡ ಅಂದ 843 ಜನರನ್ನು ಹಿಡಿದರು. ಅರ್ಧ ಜನರನ್ನು ಅವರ ಪಾಡಿಗೆ ಬಿಟ್ಟರು. ಇನ್ನರ್ಧ ಜನರಿಗೆ ಐದು ವರ್ಷದಲ್ಲಿ 24 ಪತ್ರ. ಮೊದಲು ತಿಂಗಳಿಗೊಂದು, ಆಮೇಲೆ ಎರಡು ತಿಂಗಳಿಗೊಂದು, ಕೊನೆಗೆ ಮೂರು ತಿಂಗಳಿಗೊಂದು.

ಪತ್ರದಲ್ಲಿ ಏನಿತ್ತು ಗೊತ್ತಾ? ಬುದ್ಧಿವಾದ ಇಲ್ಲ, ಮಾತ್ರೆ ತಗೊಂಡ್ರಾ ಅನ್ನೋ ವಿಚಾರಣೆ ಇಲ್ಲ. ನೀವು ಆಸ್ಪತ್ರೆಯಲ್ಲಿದ್ದು ಸ್ವಲ್ಪ ದಿನ ಆಯಿತು, ಚೆನ್ನಾಗಿದ್ದೀರಿ ಅಂದುಕೊಂಡಿದ್ದೇವೆ, ನಮಗೆ ನಾಲ್ಕು ಸಾಲು ಬರೆಯಬೇಕು ಅನ್ನಿಸಿದರೆ ನಮಗೆ ಸಂತೋಷ. ಇಷ್ಟೇ. ಯಾರಾದರೂ ಉತ್ತರ ಬರೆದರೆ ಮುಂದಿನ ಪತ್ರದಲ್ಲಿ ಅದಕ್ಕೆ ತಕ್ಕ ಮಾತು. ಮೊದಲ ಎರಡು ವರ್ಷ ಪತ್ರ ಹೋದವರಲ್ಲಿ ಆತ್ಮಹತ್ಯೆ ಸ್ಪಷ್ಟವಾಗಿ ಕಡಿಮೆ ಇತ್ತು. ವರ್ಷ ಕಳೆದ ಹಾಗೆ ಎರಡು ಗುಂಪಿನ ನಡುವಿನ ವ್ಯತ್ಯಾಸ ತೆಳ್ಳಗಾಯಿತು. ಮುಂದೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಫಲಿತಾಂಶ ಒಂದೇ ಥರ ಬರಲಿಲ್ಲ ಅಂತಲೂ ಹೇಳಬೇಕು, ಹೇಳಿದ್ದೇನೆ. ಆದರೂ ಯೋಚನೆ ಮಾಡಿ. ಡಾಕ್ಟರ ಹತ್ತಿರ ಬರೋದೇ ಇಲ್ಲ ಅಂದವರನ್ನು ಒಂದು ಅಂಚೆ ಚೀಟಿ ಹೋಗಿ ತಲುಪಿತು.

ಅಮೆರಿಕದ ಮಾತು ನಮಗ್ಯಾಕೆ ಅಂತೀರಾ? ಚೆನ್ನೈಗೆ ಬನ್ನಿ. ಅಲ್ಲಿ ಡಾ. ಲಕ್ಷ್ಮಿ ವಿಜಯಕುಮಾರ್ 1986ರಲ್ಲಿ ಆತ್ಮಹತ್ಯೆ ತಡೆಯೋಕೆ ಸ್ನೇಹಾ ಅಂತ ಸಂಸ್ಥೆ ಕಟ್ಟಿದರು. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಒಂದು ದೊಡ್ಡ ಅಧ್ಯಯನ ಮಾಡಿತಲ್ಲ, ಅದರಲ್ಲಿ ಭಾರತದ ಕೇಂದ್ರ ಚೆನ್ನೈ. ನಿಮ್ಮ ಹುಡುಗನ ಹಾಗೆ ಬದುಕಿ ಬಂದ 1,867 ಜನರ ಅಧ್ಯಯನ ಅದು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅದರ ಜೊತೆಗೆ ಒಂದು ಗಂಟೆ ಕೂತು ಮಾತು, ಆಮೇಲೆ 18 ತಿಂಗಳಲ್ಲಿ 9 ಸಲ ಫೋನೋ ಮನೆ ಭೇಟಿಯೋ. ಹೇಗಿದ್ದೀರಿ, ಏನಾದರೂ ಬೇಕಾ, ಇಷ್ಟೇ. 2008ರಲ್ಲಿ ಲೆಕ್ಕ ಹೊರಗೆ ಬಂತು. ಮಾಮೂಲಿ ಗುಂಪಿನಲ್ಲಿ ಶೇ 2.2 ಜನ ಆತ್ಮಹತ್ಯೆ ಮಾಡಿಕೊಂಡಿದ್ದರು. ಮಾತಾಡಿಸುತ್ತಿದ್ದ ಗುಂಪಿನಲ್ಲಿ ಶೇ 0.2. ಒಂಬತ್ತು ಸಲ ಮಾತಾಡಿಸೋದು ನಿಮ್ಮೂರಿನಲ್ಲಿ ಯಾರಿಂದ ಆಗೋದಿಲ್ಲ ಹೇಳಿ?

"ಮಾತಾಡಿದರೆ ಮತ್ತೆ ನೆನಪಾದೀತು" ಅನ್ನುವ ಭಯ ನಿಮ್ಮೊಬ್ಬರದಲ್ಲ, ಓದಿದವರಿಗೂ ಇದೆ. ಆದರೆ ಅವನಿಗೆ ಮರೆತಿದ್ದರೆ ತಾನೇ ನೆನಪಾಗೋದು? ಸಾಯಬೇಕು ಅಂತ ಈಗಲೂ ಅನ್ನಿಸುತ್ತದಾ ಅಂತ ನೇರವಾಗಿ ಕೇಳಿದರೆ ಆ ಯೋಚನೆ ತಲೆಗೆ ಹೊಸದಾಗಿ ಬರುವುದಿಲ್ಲ. ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಕೇಳಿದರೆ ಹೆಚ್ಚಿನವರಿಗೆ ಎದೆ ಹಗುರ ಆಗುತ್ತದೆ. ಕೇಳಿದ ಮೇಲೆ ಮಾತ್ರ ನೀವು ಎದ್ದು ಹೋಗಬಾರದು. "ಛೆ, ಅಪ್ಪ ಅಮ್ಮನ ಮುಖ ನೋಡಬಾರದಿತ್ತಾ" ಅಂತ ಶುರು ಮಾಡಲೂಬಾರದು. ಮೂವತ್ತು ವರ್ಷ ಪಾಠ ಮಾಡಿದವರಿಗೆ ಬಾಯಿ ಮುಚ್ಚಿಕೊಂಡು ಕೂರೋದು ಕಷ್ಟ, ನನಗೆ ಗೊತ್ತು.

ಇದು ಡಾಕ್ಟರ್ ಕೆಲಸ ಅಂದಿರಲ್ಲ, ಎಷ್ಟು ಡಾಕ್ಟರಿದ್ದಾರೆ? ನಮ್ಮ ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕ ಹೇಳುತ್ತದೆ. ಅದರಲ್ಲಿ ಕಾಲುಭಾಗಕ್ಕಿಂತ ಜಾಸ್ತಿ ದಿನಗೂಲಿಯವರು. ಅವರು ಕೂಲಿ ಬಿಟ್ಟು, ಬಸ್ಸು ಹಿಡಿದು, ಸಾಲಿನಲ್ಲಿ ನಿಲ್ಲಬೇಕಾ?

ಇಂಗ್ಲೆಂಡಿನ ಪಾದ್ರಿ ಚಾಡ್ ವಾರಾ 1953ರಲ್ಲಿ ಲಂಡನ್ನಿನ ಒಂದು ಚರ್ಚಿನಲ್ಲಿ ಫೋನ್ ಇಟ್ಟುಕೊಂಡು ಕೂತರು. ಸಾಯಬೇಕು ಅನ್ನಿಸಿದವರು ಮಾತಾಡಲಿ ಅಂತ. ಬಂದವರ ಸಾಲು ಬೆಳೆಯಿತು. ಕಾಯುವವರಿಗೆ ಟೀ ಕೊಡಲು ಕೆಲವು ಸಾಮಾನ್ಯ ಜನ ಬಂದು ಕೂತರು. ಸ್ವಲ್ಪ ದಿನದಲ್ಲೇ ಪಾದ್ರಿಗೆ ಗೊತ್ತಾಯಿತು, ಟೀ ಕುಡಿದು ಆ ಸ್ವಯಂಸೇವಕರ ಹತ್ತಿರ ಮಾತಾಡಿದವರಲ್ಲಿ ಬಹಳ ಜನಕ್ಕೆ ಆಮೇಲೆ ತನ್ನ ಅಗತ್ಯವೇ ಬೀಳುತ್ತಿಲ್ಲ ಅಂತ. ಕೆಲಸವನ್ನೇ ಅವರ ಕೈಗೆ ಕೊಟ್ಟರು. ಸಮಾರಿಟನ್ಸ್ ಅನ್ನೋ ಸಂಸ್ಥೆ ಹುಟ್ಟಿದ್ದು ಹಾಗೆ. ಜಿಂಬಾಬ್ವೆಯ ಹರಾರೆಯಲ್ಲಿ ಡಾ. ಡಿಕ್ಸನ್ ಚಿಬಾಂಡ 14 ಅಜ್ಜಿಯರಿಗೆ ತರಬೇತಿ ಕೊಟ್ಟು ಬೆಂಚಿನ ಮೇಲೆ ಕೂರಿಸಿದರು. ಬಂದವರ ಕಷ್ಟ ಕೇಳೋದೇ ಅಜ್ಜಿಯರ ಕೆಲಸ. ಖಿನ್ನತೆ, ಸಾಯುವ ಯೋಚನೆ ಎರಡೂ ಕಡಿಮೆಯಾಗುತ್ತವೆ ಅಂತ 2016ರಲ್ಲಿ ಅಧ್ಯಯನದಲ್ಲೂ ಗೊತ್ತಾಯಿತು. ನಮ್ಮಲ್ಲಿ ಕಟ್ಟೆಗಳಿಗೆ ಬರ ಇಲ್ಲ, ಅಜ್ಜಿಯರಿಗೂ ಬರ ಇಲ್ಲ. ಅಜ್ಜಿಯರನ್ನು ನಾವು ಧಾರಾವಾಹಿ ಮುಂದೆ ಕೂರಿಸಿದ್ದೇವೆ.

ಹಾಡಿನ ವಿಷಯಕ್ಕೆ ಬರುತ್ತೇನೆ, ನೀವು ಚುಚ್ಚಿದ್ದು ಅಲ್ಲೇ ತಾನೆ.

ನಿಮ್ಮ ಅಜ್ಜಿ ಬೀಸುಕಲ್ಲಿನ ಮುಂದೆ ಕೂತು ಹಾಡಿದ್ದು ಕೇಳಿದ್ದೀರಾ? ನಸುಕಿನಲ್ಲಿ, ಎಲ್ಲರೂ ಮಲಗಿರುವಾಗ, ಜೋಳ ಬೀಸುತ್ತ ಹಾಡಿದ ಪದಗಳಲ್ಲಿ ಅತ್ತೆಯ ಕಾಟ ಇದೆ, ತವರಿನ ನೆನಪಿದೆ, ಸತ್ತ ಕೂಸಿದೆ, ಕುಡುಕ ಗಂಡನಿದ್ದಾನೆ. ಹಗಲು ಬಾಯಿ ಬಿಟ್ಟರೆ ಜಗಳ ಆಗುವ ಮಾತೆಲ್ಲ ಕಲ್ಲಿನ ಮುಂದೆ ಹಾಡಾಗಿ ಹೊರಗೆ ಬರುತ್ತಿತ್ತು. ಕಲ್ಲಿನ ಆ ಕಡೆ ಇನ್ನೊಬ್ಬ ಹೆಂಗಸು ಕೂತು ಗೂಟಕ್ಕೆ ಕೈ ಕೊಟ್ಟಿರುತ್ತಿದ್ದಳು. ಅವಳು ಸಾಲು ಹಿಡಿದರೆ ಇವಳು ಮುಗಿಸೋದು. ನಮ್ಮ ಜಾನಪದ ವಿದ್ವಾಂಸರು ಅದರಲ್ಲಿ ತ್ರಿಪದಿಯ ಗಣ ಎಣಿಸಿದರು, ಒಳ್ಳೆಯದು. ಆದರೆ ಗಿರಣಿ ಬಂದಮೇಲೆ ಆ ಹೆಂಗಸರು ತಮ್ಮ ದುಃಖ ಎಲ್ಲಿ ಹೇಳಿಕೊಂಡರು ಅಂತ ಯಾರು ಕೇಳಿದರು? ಗಿರಣಿ ಬೇಡ ಅಂತಿಲ್ಲ ನಾನು. ರಟ್ಟೆ ಉಳಿಯಿತು. ಆದರೆ ಅದರ ಜೊತೆ ಹೋದದ್ದರ ಜಾಗದಲ್ಲಿ ಏನನ್ನೂ ಇಡಲಿಲ್ಲವಲ್ಲ.

ಧಾರವಾಡ ನಿಮಗೆ ದೂರ ಇಲ್ಲ. ಬೇಂದ್ರೆಯವರು ಒಂದರ ಮೇಲೊಂದರಂತೆ ಮಕ್ಕಳನ್ನು ಕಳಕೊಂಡರು. ಪದ್ಯ ಬರೆದದ್ದಕ್ಕೆ ಜೈಲು ಕಂಡರು, ಕೆಲಸ ಇಲ್ಲದೆ ಅಲೆದರು. ಸಾಯುವ ಯೋಚನೆ ಅವರಿಗೆ ಬಂದಿತ್ತು ಅಂತ ನಾನು ಹೇಳುತ್ತಿಲ್ಲ, ಅಂಥ ಮಾತು ಸುಮ್ಸುಮ್ನೆ ಹೇಳಬಾರದು. ಆದರೆ ಕೂಸು ತೀರಿಕೊಂಡಾಗ ಹೆಂಡತಿಯ ಕಣ್ಣನ್ನು ನೋಡಲಾಗದೆ ಬರೆದ ಪದ್ಯವನ್ನು ಇಡೀ ಕರ್ನಾಟಕ ಹಾಡುತ್ತದೆ. ದುಃಖ ಹಾಡಾಯಿತು ಅಂತ ನಾವು ಹೇಳಿ ಮುಗಿಸುತ್ತೇವೆ. ಆ ಹಾಡು ಕೇಳೋಕೆ ಗೆಳೆಯರ ಗುಂಪು ಇತ್ತು ಅನ್ನೋದನ್ನು ಮರೆಯುತ್ತೇವೆ. ಸುತ್ತ ಶಂಬಾ ಜೋಶಿ, ಗೋಕಾಕ, ಮುಗಳಿ, ಆನಂದಕಂದ, ಮಧುರಚೆನ್ನ. ಅತ್ತಿಕೊಳ್ಳೆ ಅಂತಲೋ ಸಾಧನಕೇರಿ ಅಂತಲೋ ಸಂಜೆ ತಿರುಗಾಟ, ಹೊಸ ಪದ್ಯ ಓದು, ವಾದ. ಒಬ್ಬ ಬಾರದಿದ್ದರೆ ಯಾಕೆ ಬರಲಿಲ್ಲ ಅಂತ ವಿಚಾರಿಸುವ ಜನ.

ನನ್ನ ಅನುಭವವನ್ನೂ ಹೇಳಿಬಿಡುತ್ತೇನೆ. ನಮ್ಮ ಪತ್ರಿಕೆಗೆ ಬರುವ ಪದ್ಯಗಳಲ್ಲಿ ಅಚ್ಚಾಗುವುದು ಬಹಳ ಕಡಿಮೆ. ತಿರಸ್ಕರಿಸಿದ್ದಕ್ಕೂ ನಾನು ಕೈಯಲ್ಲೇ ಕಾರ್ಡು ಬರೆಯುತ್ತೇನೆ. ನಮ್ಮ ಲೆಕ್ಕಪತ್ರದವರು ಇದನ್ನು ಖರ್ಚು ಅಂತ ಕರೆಯುತ್ತಾರೆ. ಹಾಸ್ಟೆಲ್ ಹುಡುಗನೊಬ್ಬ ಮೆಡಿಕಲ್ ಶಾಪಿನ ಬಿಲ್ಲಿನ ಹಿಂದೆ ಪದ್ಯ ಬರೆದು ಕಳಿಸುತ್ತಿದ್ದ. ಬರೀ ಕತ್ತಲೆ, ಬರೀ ಸ್ಮಶಾನ. "ಮೂರನೇ ಸಾಲಿನಲ್ಲಿ ಹಾಸ್ಟೆಲ್ ನಲ್ಲಿಯ ಮಾತು ಬಂದಿದೆ, ಅದೊಂದು ಚೆನ್ನಾಗಿದೆ. ಸ್ಮಶಾನ ಬಿಟ್ಟು ನಲ್ಲಿಯ ಮೇಲೆ ಬರೀರಿ. ಊಟ ಸರಿಯಾಗಿ ಮಾಡ್ತಿದ್ದೀರಾ?" ಅಂತ ಬರೆದೆ. ಮುಂದಿನ ಸಲ ನಲ್ಲಿಯ ಮೇಲೆ ನಾಲ್ಕು ಪುಟ ಬಂತು. ಆಮೇಲೆ ವಾರ್ಡನ್ ಮೇಲೆ, ಅಪ್ಪನ ಸೈಕಲ್ ಮೇಲೆ. ಈಗ ಅವನದು ಗೊಬ್ಬರದ ಅಂಗಡಿ. ಪ್ರತಿ ಯುಗಾದಿ ವಿಶೇಷಾಂಕಕ್ಕೆ ತಪ್ಪದೆ ಪದ್ಯ ಕಳಿಸುತ್ತಾನೆ. ಇವತ್ತಿನವರೆಗೂ ಒಂದೂ ಅಚ್ಚಾಗಿಲ್ಲ, ಚೆನ್ನಾಗಿರುವುದಿಲ್ಲ. ಹೋದ ವರ್ಷ ಕಚೇರಿಗೇ ಬಂದು, "ಇಷ್ಟು ವರ್ಷ ಆಯ್ತು, ಒಂದಾದರೂ ಹಾಕಬಾರದಾ" ಅಂತ ಜೋರು ಮಾಡಿದ. ನಾನು ಕಾಫಿ ತರಿಸಿದೆ, ಪದ್ಯ ಹಾಕಲಿಲ್ಲ. ನನ್ನ ಕಾರ್ಡಿನಿಂದ ಅವನಿಗೆ ಏನಾದರೂ ಆಯಿತಾ, ಅವನನ್ನೇ ಕೇಳಬೇಕು. ನಾನು ಕೇಳಿಲ್ಲ.

ಈಗ ಕಾರ್ಡು ಬರೆಯುವವರು ಎಲ್ಲಿದ್ದಾರೆ? ಪೋಸ್ಟ್ ಕಾರ್ಡು ಇವತ್ತಿಗೂ 50 ಪೈಸೆ. ಅದನ್ನು ಕೇಳಿದರೆ ಅಂಚೆ ಕಚೇರಿಯ ಹೊಸ ಹುಡುಗ ಮುಖ ನೋಡುತ್ತಾನೆ. ರಿಜಿಸ್ಟರ್ಡ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟಿಗೆ ಸೇರಿಸಿ ಮುಗಿಸಿದರು. ದಿನಪತ್ರಿಕೆಗಳ ಓದುಗರ ಓಲೆ ಜಾಹೀರಾತಿಗೆ ಜಾಗ ಬಿಟ್ಟು ಬಿಟ್ಟು ಮೂರು ಪತ್ರಕ್ಕೆ ಬಂದು ನಿಂತಿದೆ. ಊರಿನ ಯುವಕ ಮಂಡಳಿಯ ಕೋಣೆಗೆ ಬೀಗ. ದೊಡ್ಡಾಟದ ಕಿರೀಟಗಳು ಅಟ್ಟದ ಮೇಲೆ.

ನಮ್ಮ ಕಸುಬಿನವರ ಬಗ್ಗೆ ಬಾಯಿ ಬಿಟ್ಟರೆ ನಿಲ್ಲುವುದಿಲ್ಲ, ಆದರೂ ಸ್ವಲ್ಪ ಹೇಳಬೇಕು. ಒಂದು ಸಾವಾದರೆ ಸಾಕು, ಟಿವಿಯವರು ಆ ಮನೆಯ ಬಾಗಿಲಿಗೆ ಮೈಕು ಹಿಡಿಯುತ್ತಾರೆ. ಹೇಗೆ, ಎಲ್ಲಿ, ಯಾವುದರಿಂದ ಅಂತ ಬಾಣದ ಗುರುತು ಹಾಕಿ ತೋರಿಸುತ್ತಾರೆ. "ಅಂಕ ಕಡಿಮೆ ಬಂತೆಂದು", "ಮೊಬೈಲ್ ಕೊಡಿಸಲಿಲ್ಲವೆಂದು" ಅಂತ ತಲೆಬರಹ. ಒಂದು ಜೀವದ ಇಷ್ಟು ವರ್ಷದ ಕಥೆ ಒಂದು ಸಾಲಿನ ಕಾರಣಕ್ಕೆ ಮುಗಿಯಿತು. ವಿಯೆನ್ನಾದಲ್ಲಿ ಮೆಟ್ರೊ ನಿಲ್ದಾಣಗಳ ಆತ್ಮಹತ್ಯೆಯನ್ನು ಪತ್ರಿಕೆಗಳು ಹೀಗೇ ರಂಗು ಹಚ್ಚಿ ಬರೆಯುತ್ತಿದ್ದವು. 1987ರಲ್ಲಿ ತಜ್ಞರು ಸಂಪಾದಕರನ್ನು ಕೂರಿಸಿಕೊಂಡು ಹೀಗೆ ಬರೆಯಬೇಡಿ ಅಂದರು. ಸಂಪಾದಕರು ಕೇಳಿದರು. ಆ ವರ್ಷದ ಮೊದಲ ಆರು ತಿಂಗಳಿಗೂ ಎರಡನೇ ಆರು ತಿಂಗಳಿಗೂ ಹೋಲಿಸಿದರೆ ಅಲ್ಲಿನ ಆತ್ಮಹತ್ಯೆಗಳು ಶೇ 80ಕ್ಕಿಂತ ಹೆಚ್ಚು ಇಳಿದಿದ್ದವು. ಅದೇ ಆಸ್ಟ್ರಿಯಾದಲ್ಲಿ 2010ರಲ್ಲಿ ಇನ್ನೊಂದು ವಿಷಯ ಕಂಡರು. ಸಾಯಬೇಕು ಅನ್ನಿಸಿ, ಆ ಗಳಿಗೆಯನ್ನು ದಾಟಿ ಬಂದವರ ಕಥೆ ಪತ್ರಿಕೆಯಲ್ಲಿ ಬಂದಾಗ ಆತ್ಮಹತ್ಯೆ ಕಡಿಮೆ ಇತ್ತು. ನಮ್ಮ ಪ್ರೆಸ್ ಕೌನ್ಸಿಲ್ಲೂ 2019ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಓದಿದವರು ಎಷ್ಟು ಜನ? ದಾಟಿ ಬಂದವರು ನಮಗೆ ಸುದ್ದಿಯೇ ಅಲ್ಲ. ನಿಮ್ಮ ಹುಡುಗ ನಾಳೆ ಗುಡಿಯಲ್ಲಿ ಹಾರ್ಮೋನಿಯಂ ನುಡಿಸಿದರೆ ಯಾವ ವರದಿಗಾರ ಬರುತ್ತಾನೆ?

ಊರು ಅಂದರೆ ಬರೀ ಪ್ರೀತಿ ಅಂತ ನಾನು ನಂಬಿಲ್ಲ. ಜಾತಿ ಬಿಟ್ಟು ಮದುವೆಯಾದವರನ್ನು, ಮಕ್ಕಳಾಗದ ಹೆಂಗಸನ್ನು, ಗಂಡಾಗಿ ಹುಟ್ಟಿ ಹೆಣ್ಣಾದವರನ್ನು ಊರೇ ಮೂಲೆಗೆ ತಳ್ಳುತ್ತದೆ. ಅದಕ್ಕೇ ಮಂಡಳಿ, ಗುಂಪು, ಸಂಘ ಅಂದ ತಕ್ಷಣ ಕೈಮುಗಿಯಬೇಡಿ. ಬಂದವನಿಗೆ ಅಲ್ಲಿ ಮಾಡಲು ಒಂದು ಕೆಲಸ ಇದೆಯಾ, ಅಷ್ಟು ನೋಡಿ. ಅಯ್ಯೋ ಪಾಪ ಅಂತ ಕೂರಿಸಿಕೊಂಡರೆ ಅವನಿಗೆ ಮತ್ತೆ ತಾನು ಹೊರೆ ಅಂತಲೇ ಅನ್ನಿಸುತ್ತದೆ.

ನಿಮ್ಮ ಉಳಿದ ಪ್ರಶ್ನೆಗಳು. ಪೊಲೀಸರ ಭಯ ಬಿಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯೇ, ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತ ತಿಳಿಯಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಅಂತ ಹೇಳಿತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೇ 309ನೇ ಸೆಕ್ಷನ್ ಇಲ್ಲ.

ಸಾಲದ ವಿಷಯ ನಾನು ಹಗುರ ಮಾಡುತ್ತಿಲ್ಲ. ಆದರೆ ನೀವು ಇದರಲ್ಲಿ ಡಾಕ್ಟರಿಗಿಂತ ಉಪಯೋಗಕ್ಕೆ ಬರುತ್ತೀರಿ. ಸೊಸೈಟಿಯ ಕಾರ್ಯದರ್ಶಿಯೋ ಬ್ಯಾಂಕಿನ ಗುಮಾಸ್ತನೋ ನಿಮ್ಮ ಶಿಷ್ಯನೇ ಆಗಿರುತ್ತಾನೆ. ಹುಡುಗನನ್ನೂ ಅವನ ಅಪ್ಪನನ್ನೂ ಕರಕೊಂಡು ಹೋಗಿ, ಎದುರಿಗೆ ಕೂತು, ಅಸಲು ಎಷ್ಟು, ಬಡ್ಡಿ ಎಷ್ಟು, ಎಷ್ಟು ಕಂತು ಅಂತ ಒಂದು ಹಾಳೆಯ ಮೇಲೆ ಬರೆಸಿ. ರಾತ್ರಿ ಹಾಸಿಗೆಯಲ್ಲಿ ಬೆಳೆಯುವ ಸಾಲ ಕಾಗದದ ಮೇಲಿನ ಸಾಲಕ್ಕಿಂತ ದೊಡ್ಡದಿರುತ್ತದೆ.

ಹುಡುಗನ ಫೋನಿನಲ್ಲಿ 14416 ನಂಬರು ಇರಲಿ. ಟೆಲಿ-ಮನಸ್ ಅಂತ, 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಸೇವೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಿಮ್ಮ ಫೋನಿನಲ್ಲೂ ಹಾಕಿಕೊಳ್ಳಿ, ಅವನ ಬಗ್ಗೆ ಏನು ಮಾಡಬೇಕು ಅಂತ ನೀವೂ ಕೇಳಬಹುದು. ಅವನ ಮಾತು ಒಂದು ದಿನ ಬೇರೆ ಥರ ಕೇಳಿಸಿದರೆ, ತನ್ನ ವಸ್ತುಗಳನ್ನು ಹಂಚಲು ಶುರು ಮಾಡಿದರೆ, ಒಬ್ಬನನ್ನೇ ಬಿಡಬೇಡಿ. ಶನಿವಾರದವರೆಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರಕೊಂಡು ಹೋಗಿ.

ಶನಿವಾರಕ್ಕೆ ಏನು ಮಾಡಬೇಕು? ಮಂಡಳಿಯವರನ್ನೆಲ್ಲ ಕಟ್ಟಿಕೊಂಡು ಹೋಗಬೇಡಿ, ಮತ್ತೆ ಹೆಣ ನೋಡಲು ಬಂದ ಹಾಗಾಗುತ್ತದೆ. ನೀವೊಬ್ಬರೇ ಹೋಗಿ. ಹೇಗಿದ್ದೀ ಅಂತ ಕೇಳಿ. ಆಮೇಲೆ, ಶರೀಫರ ಪದ ಶ್ರುತಿ ಇಲ್ಲದೆ ಕೆಟ್ಟುಹೋಗ್ತಿದೆ, ಪೇಟಿಯ ಕರಿ ಎರಡರಲ್ಲಿ ಶ್ರುತಿ ಹಿಡಿಯೋರು ಯಾರೂ ಇಲ್ಲ, ಬರ್ತೀಯಾ ಅಂತ ಕೇಳಿ. ಬರುವುದಿಲ್ಲ ಅನ್ನಬಹುದು. ಮುಂದಿನ ಶನಿವಾರ ಮತ್ತೆ ಕೇಳಿ. ಚೆನ್ನೈಯವರು ಒಂಬತ್ತು ಸಲ ಕೇಳಿದ್ದರು. ಬಂದ ದಿನ ಯಾರೂ ಹಾರ ಹಾಕಬಾರದು, ಭಾಷಣ ಮಾಡಬಾರದು ಅಂತ ಮಂಡಳಿಯ ಅಧ್ಯಕ್ಷರಿಗೆ ಮೊದಲೇ ಹೇಳಿಡಿ. ಅವರು ಭಾಷಣ ಮಾಡುವವರ ಥರ ಕಾಣುತ್ತಾರೆ, ನಿಮ್ಮ ಪತ್ರ ಓದಿದರೆ.

ಕೊನೆಗೆ, ಹೋದ ತಿಂಗಳ ಸಂಚಿಕೆ ತಲುಪಿಲ್ಲ ಅಂತ ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಎರಡು ಪ್ರತಿ ಕಳಿಸಿದ್ದೇನೆ. ಒಂದನ್ನು ಅವನಿಗೆ ಕೊಡಿ. ಅದರಲ್ಲಿ ಹಾರ್ಮೋನಿಯಂ ಪೇಟಿ ರಿಪೇರಿ ಮಾಡುವವರ ಬಗ್ಗೆ ಒಂದು ಲೇಖನ ಇದೆ. ತಪ್ಪಿದ್ದರೆ ಬೈದು ಬರೆಯಲು ಹೇಳಿ.